ಸೀಮೆಸುಣ್ಣದ ನಂಬರು

ಹೂಡಿಯ ಟೈರ್ ಅಂಗಡಿಯ ಯಜಮಾನರು, ಎಂಥ ದೊಡ್ಡ ಗಾಡಿ ಬಂದರೂ ಮೊದಲು ಲುಂಗಿಗೆ ಕೈ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಗಾಡಿ ಎಲ್ಲಿಗೆ ಓಡುಸ್ತೀರಾ ಸಾರ್?"

ನನ್ನ ಎಸ್‌ಯುವಿಯ ಹದಿನೇಳು ಇಂಚಿನ ಚಕ್ರ ತೆಗೆಸಿ ಇಪ್ಪತ್ತು ಇಂಚಿನವು ಹಾಕಿಸಲು ಹೋದಾಗ ನನ್ನನ್ನೂ ಕೇಳಿದರು.

"ಕುಂದಲಹಳ್ಳಿಯಿಂದ ಮಹದೇವಪುರದ ಆಫೀಸಿಗೆ" ಎಂದೆ. ದಾರಿ ಇದ್ದದ್ದು ನಾಲ್ಕೈದು ಕಿಲೋಮೀಟರು; ದನಿಯಲ್ಲಿ ಹಿಮಾಲಯ ದಾಟುವವನ ಗತ್ತಿತ್ತು.

"ಚಕ್ರ ದೊಡ್ದಾದ್ರೆ ಸುತ್ತ ರಬ್ಬರ್ ತೆಳ್ಳಗಾಯ್ತದೆ ಸಾರ್. ಗುಂಡೀಲಿ ಬಿದ್ರೆ ಏಟು ನೇರ ರಿಮ್ಮಿಗೇ. ಈಗಿರೋದೇ ಚೆನ್ನಾಗದೆ."

"ನೋಡೋಕೆ ಚಿಕ್ಕದಾಗಿ ಕಾಣುತ್ತಲ್ಲ!" ಎಂದೆ. ಪಾರ್ಕಿಂಗಿನಲ್ಲಿ ಪಕ್ಕದ ಫ್ಲಾಟಿನವರ ಚಕ್ರ ನನ್ನದಕ್ಕಿಂತ ದೊಡ್ಡದಾಗಿರುವುದು ಸಣ್ಣ ಸಮಸ್ಯೆಯೇ?

ಅವರು ಹೊಸ ಚಕ್ರ ಹಾಕಿ, ನಾಲ್ಕರ ಅಡಿಗೂ ನಿಂಬೆಹಣ್ಣಿಟ್ಟು, ಕರ್ಪೂರ ಬೆಳಗಿದರು. ಹಳೆಯವನ್ನು ಮಾರಿಬಿಡಿ ಎಂದು ಅಪ್ಪಣೆ ಕೊಟ್ಟು, ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟೆ. ನನ್ನ ಶೌರ್ಯ ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಆಫೀಸಿನ ಗೇಟಿನೆದುರಿನ ಗುಂಡಿ ಮುಂದಿನ ರಿಮ್ಮನ್ನು ಹಪ್ಪಳದಂತೆ ಸೊಟ್ಟ ಮಾಡಿತು.

ಬುದ್ಧಿಮಾತು ಕೇಳಲು ಸಿದ್ಧನಾಗಿಯೇ ಮರಳಿದೆ. ಅವರು ಕೈ ಒರೆಸಿಕೊಂಡು ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ನನ್ನ ಹಳೆಯ ಚಕ್ರಗಳಿದ್ದವು. ತೊಳೆದಿಟ್ಟು, ಮೇಲೆ ಸೀಮೆಸುಣ್ಣದಲ್ಲಿ ನನ್ನ ಗಾಡಿಯ ನಂಬರು ಬರೆದಿದ್ದರು.

"ಮಾರಲಿಲ್ವಾ?"

"ಬತ್ತೀರಾ ಅಂತ ಗೊತ್ತಿತ್ತು ಸಾರ್."

ಪಕ್ಕದಲ್ಲೇ ಇನ್ನೂ ನಾಲ್ಕು ಹಳೆಯ ಚಕ್ರಗಳು ಒಡೆಯನಿಗಾಗಿ ಕಾಯುತ್ತಿದ್ದವು. ಅವುಗಳ ಮೇಲಿದ್ದದ್ದು ಪಕ್ಕದ ಫ್ಲಾಟಿನವರ ನಂಬರು.