ಕೈಬಿಟ್ಟವನ ಎರಡು ದಿನ

ನನ್ನ ಕಬಡ್ಡಿ ತಂಡ ನನ್ನನ್ನು ಕೈಬಿಟ್ಟದ್ದು ಸೀಸನ್ ನಡುವೆ, ಒಂದು ಶುಕ್ರವಾರ ಸಂಜೆ ಐದು ಗಂಟೆಗೆ. ಮ್ಯಾನೇಜರ್ ಫೋನಿನಲ್ಲಿ ಹೇಳಿದ: "ಸಾರಿ ಗುರು, ನಿನ್ನ ವೇವರ್‌ಗೆ ಹಾಕಿದೀವಿ." ವೇವರ್ ಅಂದರೆ ಇಷ್ಟು: ನಮ್ಮ ಲೀಗಿನಲ್ಲಿ ಕೈಬಿಟ್ಟ ಆಟಗಾರನನ್ನು ಎರಡು ದಿನದೊಳಗೆ ಬೇರೆ ಯಾವ ತಂಡವಾದರೂ ಹಳೇ ಒಪ್ಪಂದದ ಸಮೇತ ಎತ್ತಿಕೊಳ್ಳಬಹುದು. ಎರಡು ತಂಡ ಕೇಳಿದರೆ ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ ಮೊದಲ ಹಕ್ಕು. ಆ ಎರಡು ದಿನ ಮುಗಿಯುವವರೆಗೆ ನಾನು ಯಾವ ತಂಡಕ್ಕೂ ಫೋನ್ ಮಾಡುವಂತಿಲ್ಲ, ಎಲ್ಲೂ ಆಡುವಂತಿಲ್ಲ. ಯಾರೂ ಎತ್ತದಿದ್ದರೆ ಮೂವತ್ಮೂರರ ರೈಡರ್‌ಗೆ ಇನ್ನೊಂದು ಸೀಸನ್ ಎಲ್ಲಿಂದ ಬರಬೇಕು?

ಶನಿವಾರವೆಲ್ಲ ಮಲ್ಲತ್ತಹಳ್ಳಿಯ ಮನೆಯಲ್ಲಿ ಶತಪಥ ತಿರುಗಿದೆ. ಸ್ನಾನಕ್ಕೂ ಹಾಳಾದ ಫೋನು, ಊಟಕ್ಕೂ ಫೋನು. "ಸೈಟ್ ಬೇಕಾ ಸಾರ್" ಎಂದು ಕರೆ ಮಾಡಿದವಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

"ಒಂದ್ಕಡೆ ಕೂತ್ಕೊಳೋ, ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ," ಎಂದಳು ಅಮ್ಮ.

ಭಾನುವಾರ ಬೆಳಿಗ್ಗೆ ಕೆರೆ ಪಕ್ಕದ ಮೈದಾನಕ್ಕೆ ಹೋಗಬಾರದಿತ್ತು, ಹೋದೆ. ನಮ್ಮೂರ ತಂಡ ನಾಗರಬಾವಿಯವರ ಮೇಲೆ ಆಡುತ್ತಿತ್ತು. ನಮ್ಮವನೊಬ್ಬನ ಕಾಲು ಉಳುಕಿತು, ಬದಲಿಗೆ ಆಳಿಲ್ಲ. ಅಂಥ ಹೊತ್ತಿನಲ್ಲಿ ನೋಡುತ್ತ ನಿಂತ ಊರಿನವನು ಪ್ಯಾಂಟು ಮಡಚಿ ಒಳಗಿಳಿಯಬೇಕು, ಮದುವೆ ಗಂಡಾದರೂ ಸರಿ. ಅದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ತಂಡ ನೋಡಿಕೊಳ್ಳುವ ಅಣ್ಣ, ನನಗೆ ಮೊದಲ ರೈಡ್ ಕಲಿಸಿದವರು, ಕೈ ಬೀಸಿದರು.

"ಬಾರೋ, ಯಾಕ್ ನಿಂತಿದೀಯ?"

"ಆಗಲ್ಲಣ್ಣ. ಸಂಜೆ ಐದ್ ಗಂಟೆವರ್ಗೂ ಎಲ್ಲೂ ಆಡೋ ಹಾಗಿಲ್ಲ. ರೂಲ್ಸು."

"ನಮ್ಮೂರಲ್ಲಿ ನಿಂಗ್ಯಾವ ರೂಲ್ಸೋ?"

ಸುತ್ತ ಹತ್ತಾರು ಮೊಬೈಲುಗಳು ಆಟ ಹಿಡಿಯುತ್ತಿದ್ದವು. ಒಂದು ವಿಡಿಯೋ ಲೀಗಿನವರ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ನಾಚಿಕೆಯಿಂದ ಸಾಯುತ್ತಿದ್ದೆ, ಆದರೂ ಇಳಿಯಲಿಲ್ಲ. ಆರೇ ಜನ ಆಡಿ ಎರಡು ಪಾಯಿಂಟಿನಿಂದ ಸೋತರು. ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಐದೂಕಾಲಿಗೆ ಎರಡು ಸಾಲಿನ ಮೇಲ್ ಬಂತು. ಯಾವ ತಂಡವೂ ಕೇಳಿಲ್ಲ, ನೀವಿನ್ನು ಎಲ್ಲಿ ಬೇಕಾದರೂ ಆಡಬಹುದು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಚಡ್ಡಿ ಹಾಕಿಕೊಂಡು ಮೈದಾನದಲ್ಲಿದ್ದೆ. "ಯಾರೂ ಎತ್ಕೊಳ್ಳಿಲ್ಲಣ್ಣ. ಇವತ್ತು ಆಡ್ತೀನಿ," ಎಂದೆ.

ಅಣ್ಣ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೆನ್ನು ತಟ್ಟಿ, "ಏಳು ಜನ ಆಗಿದಾರೆ ಕಣೋ. ಬೇಕಾದ್ರೆ ಸ್ಕೋರ್ ಬರ್ಕೊಡು," ಎಂದರು.

ಬರೆದುಕೊಟ್ಟೆ.