ಎಂಬತ್ತರ ನೂಲು, ಮೂವತ್ತರ ಬಿಟ್: ಸಿದ್ದರಾಮೇಶ ಮಾಸ್ತರರ ಸೇವಾಪುಸ್ತಕದ ಒಂದು ಸಾಲು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕಂಪ್ಯೂಟರಿನಿಂದ ನಡೆಯುವ ಮರಗೆತ್ತನೆಯ ಯಂತ್ರದ ಮುಂದೆ ನಿಂತು ಅನ್ನ ಕಂಡವರನ್ನು ನಿಮ್ಮ ಗುರುಗಳು ಯಾರೆಂದು ಕೇಳಿದರೆ, ಹತ್ತರಲ್ಲಿ ಎಂಟು ಮಂದಿ ಮಕ್ತಲ್ ತರಬೇತಿ ಕೇಂದ್ರದ ಸಿದ್ದರಾಮೇಶ ಮಾಸ್ತರರ ಹೆಸರನ್ನೇ ಹೇಳುತ್ತಾರೆ. ಯಂತ್ರದ ಗುಂಡಿ ಒತ್ತುವುದನ್ನು ಯಾರಾದರೂ ಕಲಿಸಿಯಾರು. ಯಾವ ಮರಕ್ಕೆ ಯಾವ ಬಿಟ್, ಅಂದರೆ ಯಾವ ಕೊರೆಯುವ ಮೊನೆ, ಎಂಬ ವಿವೇಕವನ್ನು ಕಲಿಸಿದವರು ಇವರು. ಹೊಟ್ಟನ್ನು ಮೇಲಕ್ಕೆಳೆಯುವ ಬಿಟ್ ಬೇಗ ಕೊರೆಯುತ್ತದೆ, ಆದರೆ ಹಲಗೆಯ ಮೈಯನ್ನು ಹರಿಯುತ್ತದೆ. ಕೆಳಕ್ಕೊತ್ತುವ ಬಿಟ್ ಮೈಯನ್ನು ಕಾಯುತ್ತದೆ, ಆದರೆ ಕಾವೇರುತ್ತದೆ. ಉಬ್ಬುಕೆತ್ತನೆಗೆ ದುಂಡು ಮೂತಿ, ಎಳೆಗೆರೆಗೆ ಚೂಪು ಮೂತಿ. ಮೊದಲು ಉಳಿಯ ಕೆಲಸ, ಆಮೇಲೆ ಇದನ್ನೆಲ್ಲ ಮಕ್ಕಳ ಬೆರಳಿಗೆ ಇಳಿಸುವುದರಲ್ಲೇ ಅವರ ಮೂವತ್ತೊಂದು ವರ್ಷಗಳ ಸೇವೆ ಸವೆದಿದೆ.

ಅಂಥವರ ಸೇವಾಪುಸ್ತಕದಲ್ಲಿ ಹೀಗೊಂದು ಷರಾ ಇದೆ: ‘ಬಿಟ್ ಆಯ್ಕೆಯ ಪ್ರಾಥಮಿಕ ತಿಳಿವಳಿಕೆ ಇಲ್ಲದ ಬೋಧಕ. ಬಡ್ತಿಗೆ ಪರಿಗಣಿಸತಕ್ಕದ್ದಲ್ಲ.’

ನಿವೃತ್ತಿಯ ಈ ಅಭಿನಂದನ ಸಂಪುಟಕ್ಕಾಗಿ ಮಾಸ್ತರರ ಸೇವೆಯ ತಾರೀಖುಗಳನ್ನು ಬರೆದುಕೊಳ್ಳಲು ಹೋದ ಅವರ ಹಳೆಯ ಶಿಷ್ಯೆ ನವನೀತಾ ಆ ಸಾಲನ್ನು ಮೂರು ಸಲ ಓದಿದಳು. ಷರಾದ ಕೆಳಗಿದ್ದ ತಾರೀಖು ಅವಳಿಗೆ ಬಾಯಿಪಾಠವಾಗಿತ್ತು. ಹನ್ನೊಂದು ವರ್ಷಗಳ ಹಿಂದಿನ ಆ ವಾರದಲ್ಲಿ ತಪ್ಪು ಬಿಟ್ ಹಾಕಿದವಳು ಅವಳೇ.

ಕೃಷ್ಣಾ ಮಂಡಲದ ಒಕ್ಕಲು ಮನೆತನದಿಂದ ಬಂದ ಸಿದ್ದರಾಮೇಶ ಅವರು ಉಳಿ, ಕೊಡತಿಯ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಕೇಂದ್ರಕ್ಕೆ ಕೆತ್ತನೆಯ ಯಂತ್ರ ಬಂದಾಗ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಅದರ ಮುಂದೆ ತಾವೇ ವಿದ್ಯಾರ್ಥಿಯಾಗಿ ಕುಳಿತರು. ಹೆಣ್ಣುಮಕ್ಕಳು ಹೊಲಿಗೆಗಷ್ಟೇ ಎಂದು ಬರೆದಿದ್ದ ಫಲಕವನ್ನು ಇಳಿಸಿ ನೇಕಾರರ ಮನೆಗಳ ಒಂಬತ್ತು ಹುಡುಗಿಯರನ್ನು ಯಂತ್ರದ ಕೋಣೆಗೆ ಕರೆತಂದವರೂ ಅವರೇ. ನಾರಾಯಣಪೇಟೆಯ ಮಗ್ಗದ ಯಲ್ಲಯ್ಯನವರ ಮಗಳು ನವನೀತಾ ಆ ಒಂಬತ್ತರಲ್ಲಿ ಒಬ್ಬಳು.

ಅದೇ ವರ್ಷ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬರುವವರಿದ್ದರು. ಅವರಿಗೆ ತೋರಿಸಲೆಂದು ತೇಗದ ಬಾಗಿಲ ಹಲಗೆಯ ಮೇಲೆ ಗದ್ವಾಲ ಸೀರೆಯ ಅಂಚನ್ನು ಕೆತ್ತಬೇಕಿತ್ತು. ಗೆರೆಗೂ ಗೆರೆಗೂ ನಡುವೆ ಗೋಧಿ ಕಾಳಿನಷ್ಟೇ ಜಾಗ. ಪೆಟ್ಟಿಗೆಯಲ್ಲಿ ಚೂಪು ಮೂತಿಯ ಮೂರು ಬಿಟ್‌ಗಳಿದ್ದವು: ಮೂವತ್ತು, ಅರವತ್ತು, ತೊಂಬತ್ತು. ಮೂರರ ತುದಿಯೂ ಸೂಜಿಯಂತೆಯೇ. ಎಲ್ಲಕ್ಕಿಂತ ನಯವಾಗಿ ಕೊರೆಯಲಿ ಎಂದು ನವನೀತಾ ತೊಂಬತ್ತನ್ನು ಸಿಕ್ಕಿಸಿ ಯಂತ್ರ ಚಾಲೂ ಮಾಡಿದಳು. ಮಾಸ್ತರರು ಸಾಹೇಬರನ್ನು ಎದುರುಗೊಳ್ಳಲು ಹೊರಗೆ ಹೋಗಿದ್ದರು. ಅವರು ಒಳಗೆ ಬರುವಷ್ಟರಲ್ಲಿ ಗೆರೆಗೆ ಗೆರೆ ಕೂಡಿ, ಅಂಚಿನ ಒಂದು ಹೂವೂ ಉಳಿಯದೆ, ಹಲಗೆಯ ಮೇಲೆ ಬರೀ ಉತ್ತ ನೆಲ ಕಾಣುತ್ತಿತ್ತು.

ಸಾಹೇಬರು ಬಾಗಿಲಲ್ಲೇ ನಿಂತು ನಕ್ಕರು. “ಸೀರಿ ನೇಯೋರ ಕೈಗೆ ಮಿಷನ್ ಕೊಟ್ರ ಹಿಂಗೇ ಆಗೋದು. ನಾಳೆಯಿಂದ ಈ ಒಂಬತ್ತೂ ಮಂದಿ ಹೊಲಿಗಿಗೆ ಹೋಗ್ಲಿ.”

ಅವರು ಹೋದಮೇಲೆ ಮಾಸ್ತರರು ಹಲಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಬೈಯಲಿಲ್ಲ.

“ಯಾಕವ್ವಾ, ತೊಂಬತ್ತೇ ಯಾಕ ಹಾಕ್ದಿ?”

“ದೊಡ್ಡ ನಂಬರ್ ಸಣ್ಣಗ ಕೊರೀತೈತಿ ಅಂದ್ಕೊಂಡೆ ಸರ್ರೇ. ನಮ್ಮ ಮನ್ಯಾಗ ನಲವತ್ತರ ನೂಲಿಗಿಂತ ಎಂಬತ್ತರ ನೂಲು ಸಣ್ಣದ್ರಿ. ನೂರರದು ಇನ್ನೂ ಸಣ್ಣದು.”

ನೂಲಿನಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣ. ಬಿಟ್‌ನಲ್ಲಿ ಅದು ಮೂತಿಯ ಕೋನ, ಏರಿದಷ್ಟೂ ಬಾಯಿ ಅಗಲ. ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವಲ್ಲದೆ ಬೇರಾರೂ ಮಾಡಲಾರದ ತಪ್ಪು ಅದು.

“ಇಷ್ಟು ದಿನ ಮಗ್ಗದ ಮಕ್ಕಳಿಗೆ ಕಲಿಸೀನಿ. ಒಂದಿನಾನೂ ನಿಮ್ಮ ಮನ್ಯಾಗ ನಂಬರ್ ಹೆಂಗ ಎಣಿಸ್ತೀರಿ ಅಂತ ಕೇಳ್ಲಿಲ್ಲಲ್ಲವ್ವಾ ನಾನು,” ಎಂದರು ಮಾಸ್ತರರು.

ಮೂರು ದಿನಗಳ ನಂತರ “ಸಾಹೇಬ್ರು ಒಪ್ಪ್ಯಾರ, ನಡೀರಿ ಮಿಷನ್ ಕಡೆ” ಎಂದಷ್ಟೇ ಹೇಳಿದರು. ಒಂಬತ್ತು ಹುಡುಗಿಯರೂ ನಂಬಿದರು.

ಅದೇ ಭಾನುವಾರ ಅವರು ನಾರಾಯಣಪೇಟೆಗೆ ಹೋಗಿ ಯಲ್ಲಯ್ಯನವರ ಗುಂಡಿಮಗ್ಗದ ಮುಂದೆ ನಿಂತರು.

“ಮಗಳ ತಪ್ಪಿಗೆ ಅಪ್ಪನ್ನ ಬೈಯಾಕ ಬಂದ್ರೇನ್ರಿ ಮಾಸ್ತರ್ರೆ?”

“ಇಲ್ಲಪಾ, ನೂಲಿನ ಲೆಕ್ಕ ಕಲಿಯಾಕ ಬಂದೀನಿ.”

“ಕಲೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹೊಟ್ಟಿ ಹೊತ್ಕೊಂಡು ಮಗ್ಗದ ಗುಂಡ್ಯಾಗ ಇಳಿದ್ರ ನಿಮ್ಮನ್ನ ಮ್ಯಾಲ ಎಳೆಯೋರು ಯಾರ್ರೀ?”

ಅಂದಿನಿಂದ ಪ್ರತಿ ತಂಡದ ಮೊದಲ ಪಾಠಕ್ಕೆ ಮೇಜಿನ ಮೇಲೆ ಎರಡು ನೂಲಿನ ಲಡಿ, ಎರಡು ಬಿಟ್. ಮುಟ್ಟಿ ನೋಡಿದ ಮೇಲೆಯೇ ಮಾತು. ಆ ಪಾಠ ಕೇಳಿದವರು ಇಂದು ಇದೇ ಸೀಮೆಯ ಐಜದಲ್ಲಿ, ಮದ್ದೂರಿನಲ್ಲಿ ಸ್ವಂತ ಯಂತ್ರ ಹಾಕಿಕೊಂಡಿದ್ದಾರೆ. ನವನೀತಾಳ ಕಾರ್ಖಾನೆ ಗದ್ವಾಲದಲ್ಲಿದೆ.

ಒಂಬತ್ತು ಹುಡುಗಿಯರ ಜಾಗ ಉಳಿದದ್ದು ಹೇಗೆಂದು ಅವಳಿಗೆ ತಿಳಿದದ್ದು ಷರಾದ ಹಿಂದಿನ ಹಾಳೆಯಿಂದ. ಅಲ್ಲಿ ಮಾಸ್ತರರ ಹೇಳಿಕೆ ಇತ್ತು: ‘ಬಿಟ್ ಆರಿಸಿದವನು ನಾನು. ವಿದ್ಯಾರ್ಥಿನಿಯರದು ತಪ್ಪಿಲ್ಲ.’

ಹನ್ನೊಂದು ವರ್ಷ! ಬಿಟ್ ಹಿಡಿಯಲು ಬಾರದ ಕೈಗಳು ಲೇಖನಿ ಹಿಡಿದು, ಬಿಟ್ ಕಲಿಸಿದ ಕೈಗೆ ಅಜ್ಞಾನದ ಮುದ್ರೆ ಒತ್ತಿವೆ. ಯಾರೂ ಮತ್ತೆ ಕೇಳಲಿಲ್ಲ. ಮಾಸ್ತರರು ತಮ್ಮ ಕೈಕೆಳಗೆ ಕಲಿತವರಿಗೆ ನಮಸ್ಕಾರ ಮಾಡುತ್ತ, ಸೇರಿದ ಹುದ್ದೆಯಲ್ಲೇ ನಿವೃತ್ತರಾಗುತ್ತಿದ್ದಾರೆ. ನೇಕಾರರ ಹೆಣ್ಣುಮಕ್ಕಳು ಯಂತ್ರ ಮುಟ್ಟಬಾರದು ಎಂದ ನಾಲಿಗೆಗೆ ಯಾವ ಷರಾವೂ ಇಲ್ಲ! ಇದನ್ನು ಓದಿ ನಡುಗದಿದ್ದರೆ ಅಭಿನಂದಿಸುವ ಹಕ್ಕು ನಮಗೆಲ್ಲಿದೆ?

ಇಂದಿನ ಪ್ರಾಂಶುಪಾಲ ಭಾನುಪ್ರಕಾಶ ಅವರೂ ಮಾಸ್ತರರ ಶಿಷ್ಯರೇ. “ಈ ಷರಾದ ಸಂಗತಿ ಅಭಿನಂದನ ಪುಸ್ತಕದಾಗ ಬ್ಯಾಡಮ್ಮಾ, ಇಲಾಖೆ ಮರ್ಯಾದಿ ಪ್ರಶ್ನೆ,” ಎಂದರು.

“ಮಾಸ್ತರ್ರ ಮರ್ಯಾದಿ ಯಾವ ಇಲಾಖೆಗೆ ಬರತೈತ್ರಿ ಸರ್ರೇ? ನೀವು ಕುಂತ ಕುರ್ಚಿ ಅವರದು,” ಎಂದಳು ನವನೀತಾ. ಅವರು ತಲೆ ತಗ್ಗಿಸಿ ಆ ಹಾಳೆಗಳ ನಕಲು ಕೊಟ್ಟರು.

ತಪ್ಪು ತನ್ನದೆಂದು ಅವಳು ಕಚೇರಿಗೆ ಅರ್ಜಿ ಬರೆದಳು. ಕಡತ ಮುಗಿದಿದೆ, ನಿವೃತ್ತಿಯ ಹೊತ್ತಿಗೆ ತಿದ್ದಲು ಅವಕಾಶವಿಲ್ಲ ಎಂದು ಉತ್ತರ ಬಂತು. ಅದನ್ನು ಹಿಡಿದು ಮಾಸ್ತರರ ಮನೆಗೆ ಓಡಿದಳು.

“ನಮ್ಮ ಸಲುವಾಗಿ ಸುಳ್ಳು ಬರದ್ರಿ. ಒಂದು ಮಾತು ಹೇಳ್ಲಿಲ್ಲಲ್ಲ ಸರ್ರೇ!”

ಮಾಸ್ತರರು ಆ ಉತ್ತರವನ್ನು ಮಡಚಿ ಅವಳ ಕೈಗಿಟ್ಟರು. “ಪುಸ್ತಕದಾಗ ಬರಿ ತಂಗಿ. ಎಲ್ಲಾ ಬರಿ. ಆದ್ರ ನಾನು ಸುಳ್ಳು ಹೇಳ್ದೆ ಅಂತ ಮಾತ್ರ ಬರೀಬ್ಯಾಡ. ಯಾರಿಗೆ ಕಲಿಸ್ತೀನಿ ಅಂತ ತಿಳೀದೆ ಕಲಿಸಿದ್ದೆ. ಬಿಟ್ ನಿನ್ನ ಕೈಯಾಗ ಇತ್ತು, ಆರಿಸ್ದಾಂವ ನಾನೇ.”

ಆದ್ದರಿಂದ ಇಲ್ಲಿ ಸುಳ್ಳೆಂದು ಬರೆದಿಲ್ಲ. ಕಚೇರಿ ಅಳಿಸದ ಸಾಲನ್ನು ಈ ಸಂಪುಟವೂ ಅಳಿಸಲಾರದು. ಆದರೆ ಅದರ ಎದುರಿಗೆ ನವನೀತಾ ಮತ್ತು ಅವಳ ಎಂಟು ಗೆಳತಿಯರು ರುಜು ಹಾಕಿ ಕೊಟ್ಟ ಸಾಲನ್ನು ಅಚ್ಚು ಮಾಡಬಲ್ಲದು: ‘ಬಿಟ್ ಆರಿಸುವುದನ್ನು ನಮಗೆ ಕಲಿಸಿದವರು ಸಿದ್ದರಾಮೇಶ ಮಾಸ್ತರರು.’ ಪೂಜ್ಯರು ಆಯುರಾರೋಗ್ಯದಿಂದ ನೂರು ವರ್ಷ ಬಾಳಲಿ. ಬರುವ ಸೋಮವಾರದಿಂದ ಗದ್ವಾಲದ ನವನೀತಾಳ ಕಾರ್ಖಾನೆಯಲ್ಲಿ ಶುರುವಾಗುವ ಅವರ ಪಾಠ, ಯಾರ ಅಪ್ಪಣೆಯೂ ಬೇಡದೆ, ಅಷ್ಟೂ ವರ್ಷ ನಡೆಯಲಿ.