ಅಪ್ಪನ ಟೀವಿ ಗೇಮು, ನನ್ನ ಮೊದಲ ಬಹುಮಾನ

ಮಳೆಗಾಲದಲ್ಲಿ ಬಹಳ ಹೊತ್ತು ಸಿಕ್ಕಿಸಿಟ್ಟ ಚಾರ್ಜರ್ ಬಿಸಿಯಾದರೆ ಒಂದು ವಾಸನೆ ಬರುತ್ತದೆ. ಅರ್ಧ ಕಾದ ಪ್ಲಾಸ್ಟಿಕ್ಕಿನದು, ಅರ್ಧ ಥಂಡಿ ಹಿಡಿದ ಗೋಡೆಯದು. ನಿಮ್ಮ ಮನೆಯಲ್ಲೂ ಬಂದಿರುತ್ತದೆ. ನೀವು ಎದ್ದು ಹೋಗಿ ಸ್ವಿಚ್ ಆರಿಸಿ ಮರೆತಿರುತ್ತೀರಿ. ನನಗೆ ಮಾತ್ರ ಆ ವಾಸನೆಯ ಬೆನ್ನಿಗೇ ಒಣಮೀನಿನ ವಾಸನೆ, ಮೂಲೆಯಲ್ಲಿ ರಾಶಿ ಹಾಕಿದ ಬಲೆಯ ಉಪ್ಪು ವಾಸನೆ, ಅಪ್ಪನ ಬೀಡಿಯ ವಾಸನೆ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಹೊನ್ನಾವರದಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ಬಂದರಿನ ಕಡೆ ಮುಖ ಮಾಡಿಕೊಂಡಿದ್ದ ನಮ್ಮ ಹಂಚಿನ ಮನೆಯ ಜಗಲಿ ಅದು. ಜಗಲಿಯ ಮೂಲೆಯ ಮರದ ಸ್ಟೂಲಿನ ಮೇಲೆ ಕಪ್ಪು ಬಿಳುಪಿನ ಟೀವಿ, ಅದರ ಪಕ್ಕ ನೆಲದ ಮೇಲೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತಿದ್ದ ಕಪ್ಪು ಅಡಾಪ್ಟರು. ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಅದಿದ್ದ ಜಾಗದ ಮೇಲೆ ಈಗ ಗೋವಾಕ್ಕೆ ಹೋಗುವ ಲಾರಿಗಳು ಓಡುತ್ತವೆ.

ಈಗ ಇದನ್ನೆಲ್ಲ ಬರೆಯಲು ಕಾರಣ ಸಿಟ್ಟು. ನಾನು ಕುಮಟಾದಲ್ಲಿ ಮೇಷ್ಟ್ರು ಕೆಲಸ ಮಾಡುವವಳು. ಹೋದ ತಿಂಗಳು ಶಾಲೆಯ ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರಳನ್ನಾಗಿ ಹಾಕಿ, ವಿಷಯ ಬರೆದ ಚೀಟಿಯನ್ನು ಕೈಗಿಟ್ಟರು: ವೀಡಿಯೋ ಗೇಮ್ ಒಳ್ಳೆಯ ಹವ್ಯಾಸವೇ? ಓದಿ ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಇದೊಂದು ಮುಗಿದಿಲ್ಲವಲ್ಲ! ಅಂಚೆಚೀಟಿ ಕೂಡಿಡುವುದು ಒಳ್ಳೆಯ ಹವ್ಯಾಸವೇ ಎಂದು ಯಾರೂ ಚರ್ಚಾಸ್ಪರ್ಧೆ ಇಡುವುದಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಊರವರ ಸುದ್ದಿ ಆಡುವವರನ್ನು ಇದರಿಂದ ನಿಮಗೇನು ಲಾಭ ಎಂದು ಯಾರೂ ಕೇಳುವುದಿಲ್ಲ. ಆಟ ಆಡಿದವನು ಮಾತ್ರ ಕಣ್ಣು ಚುರುಕಾಗುತ್ತದೆ, ಬೆರಳು ಚುರುಕಾಗುತ್ತದೆ ಎಂದು ಹತ್ತು ಲಾಭ ಹೇಳಿ ಪಾರಾಗಬೇಕು. ನನ್ನಿಂದಾಗುವುದಿಲ್ಲ ಎಂದು ಚೀಟಿ ವಾಪಸು ಕೊಟ್ಟೆ. ಹೆಡ್ ಮಾಸ್ತರರು ಮುಖ ಊದಿಸಿಕೊಂಡರು. ಅವರಿಗೆ ಕಾರಣ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಅಪ್ಪ ತಾಂಡೇಲ. ಎಂದರೆ ಮೀನು ಬೋಟಿನ ಯಜಮಾನನಲ್ಲ, ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವವನು. ವರ್ಷದ ಹತ್ತು ತಿಂಗಳು ಅವನು ನಮಗೆ ಸಿಗುತ್ತಲೇ ಇರಲಿಲ್ಲ. ನಾನು ಏಳುವ ಮೊದಲೇ ಹೋಗಿರುತ್ತಿದ್ದ, ಬಂದರೆ ಉಂಡು ಮಲಗುತ್ತಿದ್ದ. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸಿ ಬೋಟುಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಮುಚ್ಚಿದ ಮೇಲೆ ಎರಡು ತಿಂಗಳು ಮಾತ್ರ ಅವನು ಮನೆಯವನು. ಆಗಲೂ ನಮ್ಮ ನಡುವೆ ಮಾತು ಹುಟ್ಟುತ್ತಿರಲಿಲ್ಲ. ಒಬ್ಬಳೇ ಮಗಳು ನಾನು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ. "ಊಟ ಆತಾ ತಂಗಿ?" ಎನ್ನುತ್ತಿದ್ದ. ಆಯಿತು ಎನ್ನುತ್ತಿದ್ದೆ. ಮುಂದೆ ಇಬ್ಬರಿಗೂ ಏನು ಹೇಳಬೇಕೆಂದು ಗೊತ್ತಾಗದೆ ಅವನು ಅಂಗಳ ನೋಡುತ್ತಿದ್ದ, ನಾನು ಪುಸ್ತಕ ನೋಡುತ್ತಿದ್ದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಬೋಟು ಮೇಲೆ ಹಾಕಿದ ಮರುದಿನ ಅವನು ಭಟ್ಕಳಕ್ಕೆ ಹೋದ. ದುಬೈಯಿಂದ ಬಂದ ಸಾಮಾನು ಮಾರುವ ಅಂಗಡಿಯೊಂದರಿಂದ, ತಲೆಗೆ ಹೊದ್ದುಕೊಳ್ಳುವ ಪ್ಲಾಸ್ಟಿಕ್ಕನ್ನು ಪೆಟ್ಟಿಗೆಗೆ ಸುತ್ತಿಕೊಂಡು, ತಾನು ಪೂರ್ತಿ ತೊಯ್ದು ಬಂದ. ಛತ್ರಿ ಅಥವಾ ರೇಡಿಯೋ ತರಲು ಹೋದವನಿರಬೇಕು. ತಂದದ್ದು ಟೀವಿ ಗೇಮು.

ಆ ಪೆಟ್ಟಿಗೆಯಲ್ಲಿ ಹಲವು ಆಟಗಳಿದ್ದವು. ನಾವು ಆಡಿದ್ದು ಒಂದೇ. ಇಟ್ಟಿಗೆ ಗೋಡೆಗಳ ಬಯಲು, ಕೆಳಗಡೆ ನಮ್ಮದೊಂದು ಪುಟ್ಟ ಕೋಟೆ, ಮೇಲಿಂದ ಬರುವ ವೈರಿಗಳ ಟ್ಯಾಂಕು. ಇಬ್ಬರೂ ಒಂದೇ ಪಕ್ಷ. ಒಬ್ಬರು ಕೋಟೆ ಕಾಯಬೇಕು, ಒಬ್ಬರು ಮುಂದೆ ಹೋಗಬೇಕು. ಕ್ಯಾಸೆಟ್ಟಿಗೆ ಬಾಯಿಂದ ಗಾಳಿ ಊದಿ ಒತ್ತಿದರೆ ನಾಲ್ಕು ಸ್ವರದ ಕರ್ಕಶ ಸಂಗೀತ ಬರುತ್ತಿತ್ತು. ಆ ಸಂಗೀತ ಕೇಳಿದರೆ ಅಪ್ಪ ಬೀಡಿ ನೆಲಕ್ಕೊತ್ತಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಹಗ್ಗ ಎಳೆದು ಎಳೆದು ಬಿರಿದ ಅವನ ಹೆಬ್ಬೆರಳಿಗೆ ಗೇಮಿನ ರಿಮೋಟಿನ ಗುಂಡಿಗಳು ಕಾಣಿಸುತ್ತಲೇ ಇರಲಿಲ್ಲ; ಒಂದು ಒತ್ತಿದರೆ ಎರಡು ಒತ್ತಿಹೋಗುತ್ತಿತ್ತು. ಮೊದಲ ವಾರವಿಡೀ ಅವನು ನಮ್ಮ ಕೋಟೆಯನ್ನು ತಾನೇ ಹೊಡೆದು ಉರುಳಿಸಿದ. ಆಮೇಲೆ ಅವನಿಗೆ ಅದರ ಗುಟ್ಟು ಸಿಕ್ಕಿತು. ವೈರಿಗಳಿಗೆಲ್ಲ ಮೀನಿನ ಹೆಸರಿಟ್ಟ. ಭರ್ರನೆ ನುಗ್ಗುವುದು ಬಂಗಡೆ. ನಾಲ್ಕು ಗುಂಡು ತಿಂದರೂ ಸಾಯದೆ ಅಡ್ಡಡ್ಡ ತೆವಳುವುದು ಏಡಿ. ಚಿಕ್ಕದು, ಸುಲಭಕ್ಕೆ ಸಿಗುವುದು ಶೆಟ್ಲಿ, ಎಂದರೆ ಸೀಗಡಿ. "ಬಲಕ್ಕೆ ಬಾ ತಂಗಿ, ಬಲಕ್ಕೆ! ಏಡಿ ಇಳೀತು!" ಎಂದು ಕೂಗುವನು. ನಾನು ಗಡಿಬಿಡಿಯಿಂದ ಮುಂದೆ ಓಡಿದರೆ, "ನೀ ಎಂತಕ್ಕೆ ಅದ್ರ ಹಿಂದೆ ಓಡೂದು? ಅದೇ ಬರ್ತದೆ, ಸುಮ್ಗೆ ನಿಲ್ಲು" ಎನ್ನುವನು. ನಿಂತರೆ ಬಂದೇ ಬರುತ್ತಿತ್ತು. ಆ ಐದು ಮಳೆಗಾಲಗಳಲ್ಲಿ ಅಪ್ಪ ನನ್ನ ಜೊತೆ ಆಡಿದಷ್ಟು ಮಾತನ್ನು ಅದಕ್ಕೆ ಮೊದಲೂ ಆಡಿರಲಿಲ್ಲ, ನಂತರವೂ ಆಡಲಿಲ್ಲ. ಆಟದ ನಡುವೆ ಕರೆಂಟು ಹೋದರೆ, ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡೇ, ನೇತ್ರಾಣಿ ದ್ವೀಪದ ಹತ್ತಿರ ನೀರಿನ ಬಣ್ಣ ಹೇಗೆ ಬದಲಾಗುತ್ತದೆ, ಮೀನಿನ ಗುಂಪು ಬಂದರೆ ಹಕ್ಕಿಗಳಿಗೆ ಮೊದಲು ಹೇಗೆ ಗೊತ್ತಾಗುತ್ತದೆ ಎಂದೆಲ್ಲ ಹೇಳುತ್ತಿದ್ದ. ಕರೆಂಟು ಬಂದ ಕೂಡಲೇ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಕರೆಂಟು ಬಾರದಿರಲಿ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಆಯಿಗೆ ಈ ಆಟ ಕಂಡರೆ ಸಿಟ್ಟು, ಆ ಸಿಟ್ಟು ಸುಳ್ಳಾಗಿರಲಿಲ್ಲ. ನಾನು ಅಮ್ಮನನ್ನು ಆಯಿ ಎಂದೇ ಕರೆಯುವುದು. ಸಮುದ್ರ ಮುಚ್ಚಿದರೂ ಅವಳ ಕೆಲಸ ಮುಚ್ಚುತ್ತಿರಲಿಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನನ್ನು ಬುಟ್ಟಿಯಲ್ಲಿ ಹೊತ್ತು, ಬಸ್ಸಿನ ಕಂಡಕ್ಟರನ ಕೈಲಿ ವಾಸನೆ ವಾಸನೆ ಎಂದು ಬೈಸಿಕೊಂಡು, ಹಳದೀಪುರದ ಮನೆಗಳಿಗೆ, ಕೆಲವು ದಿನ ಸಂತೆಗುಳಿಯ ತನಕವೂ ಹೋಗುತ್ತಿದ್ದಳು. ಸಂಜೆ ಸೀರೆಯ ಅಂಚು ಹಿಂಡುತ್ತ ಒಳಗೆ ಬಂದರೆ ನಾವಿಬ್ಬರೂ ಟೀವಿಗೆ ಮೂಗು ತಾಗಿಸಿಕೊಂಡು ಕೂತಿರುತ್ತಿದ್ದೆವು. "ಹತ್ತು ತಿಂಗ್ಳು ಸಮುದ್ರದ ಪಾಲು, ಎರಡು ತಿಂಗ್ಳು ಈ ಪೆಟ್ಟಿಗೆ ಪಾಲು. ನಂಗೆಂತ ಉಳೀತು?" ಎನ್ನುತ್ತಿದ್ದಳು. ಅಪ್ಪ ಎದ್ದು ಅವಳಿಗೆ ಚಾ ಮಾಡಿ ತಂದಿಟ್ಟು, ಮತ್ತೆ ಬಂದು ಕೂರುತ್ತಿದ್ದ. ಆಯಿ ಚಾ ಕುಡಿಯುತ್ತ ಗೋಡೆಗೊರಗಿ ನೋಡುತ್ತಿದ್ದಳು. ಕೋಟೆ ಬಿದ್ದರೆ ಅವಳ ಬಾಯಿಂದಲೂ ಒಂದು ಅಯ್ಯೋ ಬರುತ್ತಿತ್ತು. ಆ ಅಯ್ಯೋ ನನಗೆ ಆಗ ಕೇಳಿಸಿದ್ದರೆ ಚೆನ್ನಾಗಿತ್ತು. ನನಗೆ ಕೇಳಿಸಿದ್ದು ಬೈಗುಳ ಮಾತ್ರ.

ನಾನು ಒಂಬತ್ತನೆಯ ಕ್ಲಾಸಿಗೆ ಬಂದ ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವೀಡಿಯೋ ಗೇಮಿನ ಅಂಗಡಿ ಶುರುವಾಗಿ, ಗಂಡು ಹುಡುಗರು ಟ್ಯೂಷನ್ ತಪ್ಪಿಸಿ ಅಲ್ಲಿ ಸಾಲು ನಿಲ್ಲತೊಡಗಿದರು. ಮಾಸ್ತರರಿಗೆ ತಲೆಬಿಸಿಯಾಯಿತು. ಆ ವರ್ಷದ ಚರ್ಚಾಸ್ಪರ್ಧೆಗೆ ಇಟ್ಟ ವಿಷಯ, ವೀಡಿಯೋ ಗೇಮ್ ಉತ್ತಮ ಹವ್ಯಾಸ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಆರಿಸಬೇಕು. ಚರ್ಚಾಸ್ಪರ್ಧೆಯ ಪದ್ಧತಿಯೇ ಅದು, ನಿಮಗೂ ಗೊತ್ತಿರುತ್ತದೆ. ಬಂದ ಪಕ್ಷವನ್ನು ವಾದಿಸಬೇಕು, ನಿಮ್ಮ ಸ್ವಂತ ಅಭಿಪ್ರಾಯ ಯಾರಿಗೂ ಬೇಡ. ನನಗೆ ವಿರೋಧ ಬಂತು. ಬಾವಿಕಟ್ಟೆಯ ಹತ್ತಿರ ನಿಂತು, ಮನೆಯವರಿಗೆ ಕೇಳಿಸದ ಹಾಗೆ ಮೂರು ದಿನ ಅಭ್ಯಾಸ ಮಾಡಿದೆ. ಎಲ್ಲರೂ ಹೇಳುವ ಹಾಗೆ ಕಣ್ಣು ಹಾಳಾಗುತ್ತದೆ, ಓದು ಹಾಳಾಗುತ್ತದೆ ಎಂದು ಬರೆದುಕೊಂಡೆ. ಓದಿ ನೋಡಿದರೆ ಸಪ್ಪೆ. ಬಹುಮಾನ ಬರುವ ಮಾತಲ್ಲ. ಆಗ ನನಗೆ ಆಯಿಯ ಬುಟ್ಟಿ ನೆನಪಾಯಿತು.

ಸ್ಪರ್ಧೆಗೆ ಪಾಲಕರೂ ಬರಬಹುದೆಂದು ಹೇಳಿದ್ದರು. ಆಯಿ ಸಂತೆಗುಳಿಗೆ ಹೋಗಿದ್ದಳು. ಅಪ್ಪ ಬರುತ್ತಾನೆಂದು ನಾನೆಣಿಸಿರಲಿಲ್ಲ. ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ನೀರಿಳಿಯುವ ಛತ್ರಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದ. ಕಂಡ ಕೂಡಲೇ ನಾನು ಬುಟ್ಟಿಯ ಭಾಗವನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅದೇ ನನ್ನ ಒಳ್ಳೆಯ ಭಾಗವೆಂದು ನನಗೆ ಗೊತ್ತಿತ್ತು. "ಒಬ್ಬ ತಾಯಿ ಸುರಿಯುವ ಮಳೆಯಲ್ಲಿ ಮೀನಿನ ಬುಟ್ಟಿ ಹೊತ್ತು ಊರೂರು ಅಲೆಯುತ್ತಾಳೆ. ಮನೆಯ ಯಜಮಾನ ಬೆಚ್ಚಗೆ ಕುಳಿತು ಗುಂಡಿ ಒತ್ತುತ್ತಾನೆ. ಇದಕ್ಕೆ ಹವ್ಯಾಸವೆಂದು ಹೆಸರು!" ಎಂದು ಕೈ ಎತ್ತಿ ಹೇಳಿದೆ. ಸಭೆ ಚಪ್ಪಾಳೆ ಹೊಡೆಯಿತು. ಅಪ್ಪನೂ ಹೊಡೆದ. ಕೊನೆಯವರೆಗೂ ಹೊಡೆಯುತ್ತಿದ್ದವನು ಅವನೊಬ್ಬನೇ. ನನಗೆ ಮೊದಲ ಬಹುಮಾನ ಬಂತು.

ಬರುವಾಗ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ಕೊಡಿಸಿದ. ತಾನು ತಿನ್ನಲಿಲ್ಲ. "ಅಷ್ಟು ಮಾತು ನಿನ್ನ ಹೊಟ್ಟೇಲಿ ಇತ್ತಾ ತಂಗಿ?" ಎಂದ. ಸಿಟ್ಟಿನಿಂದಲ್ಲ, ಬೆರಗಿನಿಂದ. "ಸಮಾ ಹೇಳ್ದೆ ನೀನು. ಓದ್ದವ್ರಿಗೆ ಗೊತ್ತಾಗ್ತದೆ." ಅಪ್ಪ ಮೂರನೇ ಕ್ಲಾಸು ದಾಟಿದವನಲ್ಲ. ಅವನ ಲೋಕದಲ್ಲಿ ಹತ್ತು ಜನರ ಎದುರು ಎದ್ದು ನಿಂತು ಹೇಳಿದ್ದು ಎಂದರೆ ಹೇಳಿದವರ ಮಾತೇ. ಬೋಟಿನವರ ಜಗಳ ಬಂದರಿನ ಸಭೆಯಲ್ಲಿ ತೀರುವಾಗ ಎದ್ದು ನಿಂತವನು ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳುವಂತಿಲ್ಲ. ಹೇಳಿದರೆ ಮರುದಿನ ಅವನ ಜೊತೆ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ಚೀಟಿಯಲ್ಲಿ ಬಂದ ಪಕ್ಷವನ್ನು ಹೀಗೆ ಎದೆ ತಟ್ಟಿ ವಾದಿಸುವ ಒಂದು ಆಟ ಇದೆಯೆಂದು ಅವನಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವಳು ನಾನು. ಅಪ್ಪಾ, ಅದು ಚೀಟಿಯಲ್ಲಿ ಬಂದದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಅಪ್ಪನ ಕಣ್ಣಲ್ಲಿ ನನ್ನ ಬಹುಮಾನ ಸಣ್ಣದಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡು ಗೋಳಿಬಜೆ ತಿಂದೆ.

ಮರುದಿನ ಶಾಲೆಯಿಂದ ಬರುವಾಗ ಸ್ಟೂಲಿನ ಪಕ್ಕದ ನೆಲ ಖಾಲಿ. ಅಪ್ಪ ಬೆಳಿಗ್ಗೆಯೇ ಗೇಮಿನ ಪೆಟ್ಟಿಗೆಯನ್ನು ಕಾಗಾಲಕ್ಕೆ ಒಯ್ದು ತನ್ನ ಅಕ್ಕನ ಮನೆಗೆ ಕೊಟ್ಟು ಬಂದಿದ್ದ. ಆಯಿ ಬಂದವಳೇ, "ಅದ್ನ ಕೊಡೂಕೆ ನಿಮ್ಗೆ ಯಾರು ಹೇಳಿದ್ರು?" ಎಂದು ಅವನ ಮೇಲೆ ಹರಿಹಾಯ್ದಳು. "ನಾ ಬೈತೆ ಹೇಳಿ ಕೊಟ್ಬಿಡೂದಾ?" ಅಪ್ಪ ನನ್ನ ಹೆಸರು ಹೇಳಲಿಲ್ಲ. "ಸಾಕಾತು" ಎಂದಷ್ಟೇ ಹೇಳಿ ಛತ್ರಿ ಹಿಡಿದು ಹೊರಟ. ಆ ಮಳೆಗಾಲದ ಉಳಿದ ಎರಡು ವಾರ, ಮುಂದಿನ ಮಳೆಗಾಲ, ಅದರ ಮುಂದಿನದು, ಬೆಳಿಗ್ಗೆ ಹೋದರೆ ಕತ್ತಲಾಗುವವರೆಗೆ ಬಂದರಿನ ಶೆಡ್ಡಿನಲ್ಲಿ ಬೇರೆಯವರ ಬಲೆ ಹೆಣೆಯುತ್ತ ಕೂತ. ಆಯಿಯ ಬುಟ್ಟಿಯನ್ನು ಬಸ್ಸಿನ ತನಕ ತಾನೇ ಹೊತ್ತ. ನನ್ನ ಭಾಷಣವನ್ನು ಅಕ್ಷರ ಅಕ್ಷರ ಪಾಲಿಸಿದ. ಮನೆ ಭಣಗುಟ್ಟತೊಡಗಿತು. "ಊಟ ಆತಾ ತಂಗಿ?" "ಆತು." ಅವನು ಅಂಗಳ ನೋಡಿದ, ನಾನು ಪುಸ್ತಕ ನೋಡಿದೆ. ನೇತ್ರಾಣಿಯ ನೀರಿನ ಕತೆ ಅರ್ಧಕ್ಕೇ ಉಳಿಯಿತು. ಒಳ್ಳೆಯ ಹವ್ಯಾಸವೇ ಎಂದು ಕೇಳುವವರಿಗೆ ಈ ಲೆಕ್ಕ ತಿಳಿಯುವುದಿಲ್ಲ, ಅದಕ್ಕೇ ನನಗೆ ಅವರ ಮೇಲೆ ಇಷ್ಟು ಸಿಟ್ಟು. ನನ್ನ ಮೇಲೆ ಇನ್ನೂ ಹೆಚ್ಚು.

ನನಗೆ ಕೆಲಸ ಸಿಕ್ಕಿ ಕುಮಟಾದಲ್ಲಿ ಬಾಡಿಗೆ ಮನೆ ಮಾಡಿದಾಗ ಇಬ್ಬರನ್ನೂ ಕರೆತಂದೆ. ಸೊಂಟ ಹಿಡಿದು ಅಪ್ಪ ಆಗಲೇ ಸಮುದ್ರ ಬಿಟ್ಟಿದ್ದ. ಒಂದು ಸಂಜೆ ಪಕ್ಕದ ಮನೆಯ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತು ಅವಳಪ್ಪನ ಮೊಬೈಲಿನಲ್ಲಿ ಏನೋ ಆಡುತ್ತಿದ್ದಳು. ಅಪ್ಪ ಅವಳ ಹೆಗಲ ಮೇಲಿಂದ ಇಣುಕಿ ನೋಡುತ್ತಲೇ ಇದ್ದ. ಅವಳು ಎದ್ದು ಹೋದ ಮೇಲೂ ಅವಳು ಹೋದ ಕಡೆಗೇ ನೋಡಿದ. ತಡೆಯಲಾರದೆ ಹೇಳಿಬಿಟ್ಟೆ. ಚೀಟಿ ಎತ್ತಿದ್ದು, ವಿರೋಧ ಬಂದದ್ದು, ಪರ ಬಂದಿದ್ದರೆ ಅಷ್ಟೇ ಜೋರಾಗಿ ಪರ ಮಾತಾಡುತ್ತಿದ್ದದ್ದು, ಎಲ್ಲ.

ಅಪ್ಪ ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟ. "ಹಂಗಾರೆ ಅದು ನಿನ್ ಮಾತಲ್ಲಾ?" ಎಂದ.

"ಅಲ್ಲ ಅಪ್ಪಾ."

"ನಂಗೆ ಭಾರಿ ಖುಷಿ ಇತ್ತು ತಂಗಿ, ಆ ಆಟ ಅಂದ್ರೆ" ಎಂದ. ತನಗೆ ಇಂಥದ್ದು ಇಷ್ಟವೆಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ. "ಆ ಇನ್ನೊಂದು ಚೀಟಿ ಬಂದಿದ್ರೆ ನೀ ಎಂತ ಹೇಳ್ತಿದ್ದೆ?"

ಅಷ್ಟು ಹೊತ್ತಿಗೆ ನಾನು ಜಿಲ್ಲೆಯಲ್ಲೆಲ್ಲ ಭಾಷಣ ಮಾಡಿ ಕಪಾಟು ತುಂಬ ಬಹುಮಾನ ತಂದವಳು. ಬಾಯಿ ತೆರೆದೆ. ಬಂದದ್ದು ಅದೇ ಕಣ್ಣು ಚುರುಕು, ಬೆರಳು ಚುರುಕು. ಅದನ್ನು ಆ ಮುಖಕ್ಕೆ ಹೇಳಲಾಗದೆ, "ನೆನಪಿಲ್ಲ ಅಪ್ಪಾ, ಯೋಚನೆ ಮಾಡಿ ಹೇಳ್ತೆ" ಎಂದೆ. "ಆತು" ಎಂದು ಚಾ ಲೋಟ ಎತ್ತಿಕೊಂಡು ಒಳಗೆ ಹೋದ. ಅವನು ಮತ್ತೆ ಕೇಳಲಿಲ್ಲ. ಏಳು ತಿಂಗಳು ಒಂದೇ ಮನೆಯಲ್ಲಿದ್ದೆವು, ದಿನಾ ಎದುರೆದುರು ಕೂತು ಊಟ ಮಾಡಿದೆವು, ನಾನೂ ಹೇಳಲಿಲ್ಲ. ಮಳೆ ಶುರುವಾಗುವ ಮೊದಲೇ ಅಪ್ಪ ಹೋಗಿಬಿಟ್ಟ. ಅವನು ಕೇಳಿದ ಮಾತನ್ನು ಈಗ ಹೇಳಬಲ್ಲೆ, ನಿಲ್ಲದೆ, ತಡವರಿಸದೆ, ಗಂಟೆಗಟ್ಟಲೆ ಹೇಳಬಲ್ಲೆ. ಕೊನೆಯ ಬೆಂಚಿನಲ್ಲಿ ಕೂತು ಕೇಳುವವನಿಲ್ಲ.